ಅಮ್ಮನ ಜಾಗದ ಹನಿ

ಏಪ್ರಿಲ್ 15, ಸೋಮವಾರ

ಈ ಪುಸ್ತಕವನ್ನು ಇದ್ರೀಸ್ ಮೇಸ್ತ್ರಿ ಕೊಟ್ಟದ್ದು ತಾರಸಿ ಸೋರದಂತೆ ಬಳಿಯುವ ಕೆಮಿಕಲ್ ಕಲೆಸಿದ ಹೊತ್ತು ಬರೆದಿಡಲು. ಸಿಮೆಂಟಿನಂಥ ಪುಡಿ, ಹಾಲಿನಂಥ ನೀರು. ಎರಡನ್ನೂ ಸೇರಿಸಿದ ಮೇಲೆ ನಲವತ್ತು ನಿಮಿಷದೊಳಗೆ ತಾರಸಿಗೆ ಬಳಿದು ಮುಗಿಸಬೇಕು. ತಡವಾದರೆ ಬಕೆಟ್ಟಿನಲ್ಲೇ ಕಲ್ಲಾಗುತ್ತದೆ. ನಮ್ಮ ತಂಡದಲ್ಲಿ ಕಲೆಸುವವಳು ನಾನು. ಹೊತ್ತನ್ನು ಮುಂದಿನ ಪುಟಗಳಲ್ಲಿ ಬರೆಯುತ್ತೇನೆ. ಪುಸ್ತಕ ತಿರುಗಿಸಿ ಹಿಂದಿನಿಂದ ನನ್ನದು. ಇಲ್ಲಿ ಯಾರೂ ನೋಡುವುದಿಲ್ಲ.

ಇವತ್ತಿನಿಂದ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸ. ನಮ್ಮೂರು ವಸ್ತಾರೆಯಿಂದ ಏಳೂಕಾಲರ ಬಸ್ಸು. ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ಬಿಚ್ಚಿ, "ಹೆಸ್ರೇನಮ್ಮ?" ಎಂದ. ಬಾಯಿಂದ ಬರಲಿಲ್ಲ. ಮೇಸ್ತ್ರಿಯ ಅಕ್ಕನ ಮಗ ಇಜಾಜ್ ಹಿಂದಿನಿಂದ, "ರಜನಿ ಅಂತ ಬರ್ಕೊಳಿ ಮಾರಾಯ್ರೆ. ಅವ್ಳು ಬಾಯಿ ಬಿಡೋಕೆ ಮಳೆಗಾಲ ಬರ್ಬೇಕು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಐದನೇ ಕ್ಲಾಸು ಮುಗಿಸಿ ದೊಡ್ಡ ಶಾಲೆಗೆ ಹೋದ ಮೊದಲ ದಿನವೂ ಹೀಗೇ ಆಗಿತ್ತು. ಎದ್ದು ನಿಂತು ಹೆಸರು ಹೇಳು ಎಂದರು. ಹೇಳಲಾಗಲಿಲ್ಲ. ಮರುದಿನದಿಂದ ನಾನು ಹೋಗಲಿಲ್ಲ.

ಇದೇ ವರ್ಕ್ಸಿನ ಹಳೆಯ ದೊಡ್ಡ ಹಾಲ್‌ನಲ್ಲಿ ಅಮ್ಮ ಇಪ್ಪತ್ತೆರಡು ವರ್ಷ ಕಾಫಿ ಬೀಜ ಆರಿಸಿದ್ದಾಳೆ. ಕಪ್ಪು ಬೀಜ ಒಂದು ಕಡೆ, ಒಡೆದದ್ದು ಒಂದು ಕಡೆ. ಶಾಲೆಗೆ ಹೋಗುವ ಮೊದಲು ನಾನು ಬೆಳೆದದ್ದು ಅಲ್ಲೇ. ಬಣ್ಣ ನೋಡಿ ಬೀಜ ಬೇರ್ಪಡಿಸುವ ಮೆಷಿನ್ ಬಂದ ವರ್ಷ ಹೆಂಗಸರಿಗೆಲ್ಲ ಒಂದೊಂದು ಸೀರೆ ಕೊಟ್ಟು ಮನೆಗೆ ಕಳಿಸಿದರು. ಅಮ್ಮ ಆ ಸೀರೆಯನ್ನು ಇವತ್ತಿನವರೆಗೂ ಉಟ್ಟಿಲ್ಲ. ಆ ಗೇಟನ್ನೂ ದಾಟಿಲ್ಲ.

ಹಾಲ್‌ನ ಒಳಗೆ ಕಾಲಿಟ್ಟ ಕೂಡಲೇ ವಾಸನೆ ಬಂತು. ಗೋಣಿ, ಹಸಿ ಕಾಫಿ, ಒದ್ದೆ ಸುಣ್ಣ. ನಾನು ತುಂಬ ಚಿಕ್ಕವಳಾಗಿಬಿಟ್ಟೆ ಅನಿಸಿತು. ಮೇಲೆ ನೋಡಿದರೆ ದಾರಗಳು ಇನ್ನೂ ಇವೆ!

ಏಪ್ರಿಲ್ 16, ಮಂಗಳವಾರ

ದಾರಗಳ ವಿಷಯ ಬರೆಯಬೇಕು. ಈ ಹಾಲ್ ಯಾವಾಗಲೂ ಸೋರುತ್ತಿತ್ತು. ಹನಿ ಬಿದ್ದರೆ ಆರಿಸಿಟ್ಟ ಬೀಜ ಒದ್ದೆಯಾಗಿ ಕೆಡುತ್ತದೆ. ಅದಕ್ಕೆ ಹೆಂಗಸರು ಸೋರುವ ಬಿರುಕಿಗೆ ಹಲಸಿನ ಮೇಣದಿಂದ ಒಂದು ದಾರ ಅಂಟಿಸಿ, ಅದರ ಇನ್ನೊಂದು ತುದಿಯನ್ನು ಪಕ್ಕದಲ್ಲಿಟ್ಟ ಡಬ್ಬಿಯೊಳಗೆ ಇಳಿಬಿಡುತ್ತಿದ್ದರು. ನೀರು ದಾರ ಹಿಡಿದು ಜಾರಿ ಡಬ್ಬಿಗೆ ಬೀಳುತ್ತಿತ್ತು. ಯಾರ ತಲೆಯ ಮೇಲೆ ಸೋರುತ್ತದೋ ಆ ಸೋರಿಕೆಗೆ ಅವರದೇ ಹೆಸರು. ಸುಗ್ರಾ ಬೀ ಹನಿ. ಗಿರಿಜಾಂಬಾ ಹನಿ. ಕಲ್ಲಮ್ಮನ ಹನಿ ಎಂದರೆ ನನ್ನ ಅಮ್ಮನದು.

ಬೆಳಿಗ್ಗೆ ಮ್ಯಾನೇಜರ್ ಶಶಿಧರ್ ಸರ್ ಬಂದರು. ಮೇಸ್ತ್ರಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. "ನೋಡಿ ಇದ್ರೀಸ್, ಹೊಸ ಮೆಷಿನ್ ಈ ಹಾಲಿಗೇ ಬರೋದು. ಈ ಮಳೆಗಾಲ ಒಂದೇ ಒಂದು ಹನಿ ಬಿದ್ರೂ ಓನರ್ರು ಹಾಲ್ ಕೆಡವಿಸಿ ತಗಡಿನ ಶೆಡ್ ಕಟ್ಟಿಸ್ತಾರೆ. ಪ್ಲ್ಯಾನೆಲ್ಲ ರೆಡಿ ಇದೆ."

"ಬೀಳಲ್ಲ ಸರ್" ಎಂದರು ಮೇಸ್ತ್ರಿ.

ಮೆಷಿನ್ ನಿಲ್ಲುವ ಜಾಗಕ್ಕೆ ನೆಲದಲ್ಲಿ ಹಳದಿ ಬಣ್ಣ ಹೊಡೆದಿದ್ದಾರೆ. ಅದು ಅಮ್ಮ ಕೂರುತ್ತಿದ್ದ ಜಾಗ.

ಆಮೇಲೆ ಸೀಲಿಂಗ್ ಚೊಕ್ಕ ಮಾಡಬೇಕೆಂದು ನನಗೆ ಕೆರೆಯುವ ಪಟ್ಟಿ ಕೊಟ್ಟು ಪೈಪು ಕಟ್ಟಿದ ಸಾರ್ವೆ ಹತ್ತಿಸಿದರು. ಸಂಜೆಯೊಳಗೆ ಎಲ್ಲ ದಾರಗಳನ್ನೂ ಮೇಣದ ಸಮೇತ ಕೆರೆದು ಹಾಕಿದೆ. ಒಂದು ಬುಟ್ಟಿ ತುಂಬ ಆಯಿತು. ಬೇರೆಲ್ಲ ದಾರಗಳ ಮೇಲೆ ಬಿಳಿ ಸುಣ್ಣ ಕಟ್ಟಿತ್ತು. ಒಂದು ಮಾತ್ರ ಕೆಂಪಗಿತ್ತು. ಅದನ್ನು ಈ ಪುಸ್ತಕದಲ್ಲಿ ಇಟ್ಟುಕೊಂಡಿದ್ದೇನೆ.

ಏಪ್ರಿಲ್ 20, ಶನಿವಾರ

ತಾರಸಿಯ ಮೇಲೆ ಹಳೆಯ ಇಟ್ಟಿಗೆ ಚೂರಿನ ಪದರ ಒಡೆದು ತೆಗೆಯುತ್ತಿದ್ದೇವೆ. ಬಿಸಿಲು. ಕೈಯಲ್ಲಿ ಬೊಕ್ಕೆ. ಬರೆಯಲಾಗುವುದಿಲ್ಲ.

ಏಪ್ರಿಲ್ 28, ಭಾನುವಾರ

ರಜೆ. ಅಮ್ಮ ಬಾಗಿಲಲ್ಲಿ ಕೂತು ಹುರುಳಿಕಾಳು ಆರಿಸುತ್ತಿದ್ದಳು. ಕಾಳನ್ನು ಈಗಲೂ ಕಾಫಿ ಬೀಜದ ಹಾಗೆಯೇ ಆರಿಸುತ್ತಾಳೆ, ನೋಡದೆ, ಬೆರಳಲ್ಲೇ. ನಾನು ವರ್ಕ್ಸಿಗೆ ಹೋಗತೊಡಗಿ ಎರಡು ವಾರವಾದರೂ ಒಂದು ಮಾತೂ ಕೇಳಿರಲಿಲ್ಲ. ಇವತ್ತು ಇದ್ದಕ್ಕಿದ್ದಂತೆ, "ಕಿಟಕಿಗೆ ಇನ್ನೂ ಹಸಿರು ಬಣ್ಣವೇನೇ?" ಎಂದಳು.

"ಹೌದು. ಎದ್ದು ಹೋಗಿದೆ."

"ಮೂರನೇ ಕಿಟಕೀಲಿ ಗಾಜು ಒಡ್ದಿತ್ತು."

"ಈಗ್ಲೂ ಹಾಗೇ ಇದೆ."

ಅಮ್ಮ ನಕ್ಕಹಾಗಾಯಿತು.

ಅಲ್ಲಿ ಮಧ್ಯಾಹ್ನ ಊಟದ ಡಬ್ಬಿಗಳು ಒಟ್ಟಿಗೆ ಬಿಚ್ಚುತ್ತಿದ್ದ ಶಬ್ದ ನನಗೆ ಇನ್ನೂ ಕೇಳುತ್ತದೆ. ಸುಗ್ರಾ ಬೀ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಡುತ್ತಿದ್ದಳು. ಅಮ್ಮ, "ಅಭ್ಯಾಸ ಮಾಡ್ಬೇಡ ಸುಗ್ರಾ" ಎಂದು ಬೈಯುತ್ತಿದ್ದಳು. ಸುಗ್ರಾ ಬೀ, "ನೀನ್ ಸುಮ್ನಿರು ಕಲ್ಲಮ್ಮ, ಇದು ನಂದೂ ಮಗಳೇ" ಎನ್ನುತ್ತಿದ್ದಳು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಯಾರೂ ನನ್ನ ಹೆಸರು ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಮೇ 3, ಶುಕ್ರವಾರ

ತಾರಸಿಯ ಬಿರುಕುಗಳನ್ನೆಲ್ಲ ಅಗಲವಾಗಿ ಕೊರೆದು ತುಂಬಿ ಆಯಿತು. ಗೋಡೆ ಮತ್ತು ತಾರಸಿ ಸೇರುವ ಮೂಲೆಗಳನ್ನು ಗಾರೆ ಮೆತ್ತಿ ದುಂಡಗೆ ಮಾಡಿದ್ದೇವೆ. ಚೂಪು ಮೂಲೆಯಿದ್ದರೆ ಮೇಲೆ ಬಳಿದದ್ದು ಅಲ್ಲೇ ಸೀಳುತ್ತದಂತೆ.

ಒಳಗೆ ತೇವ ಉಳಿದಿದೆಯೇ ನೋಡಲು ಮೇಸ್ತ್ರಿ ನಿನ್ನೆ ಸಂಜೆ ಪ್ಲಾಸ್ಟಿಕ್ ಹಾಳೆಯನ್ನು ತಾರಸಿಗೆ ಸುತ್ತಲೂ ಟೇಪು ಹಾಕಿ ಅಂಟಿಸಿದ್ದರು. ಬೆಳಿಗ್ಗೆ ಅದರ ಒಳಮೈಯಲ್ಲಿ ಸಣ್ಣ ಸಣ್ಣ ಹನಿ. "ಇನ್ನೂ ಉಸಿರಾಡ್ತಾ ಇದೆ. ಈಗ ಬಳಿದ್ರೆ ಗುಳ್ಳೆ ಏಳುತ್ತೆ. ಕಾಯ್ಬೇಕು" ಎಂದರು. ಇಜಾಜ್, "ಮಾಮಾ, ಕಾಯ್ತಾ ಕೂತ್ರೆ ಮಳೆ ಬರುತ್ತೆ" ಎಂದ. "ಬರ್ಲಿ ಬಿಡು. ಒದ್ದೆ ಮೇಲೆ ಬಣ್ಣ ಹೊಡ್ಯೋಕೆ ನಾನೇನು ನಿನ್ನ ಮದ್ವೆ ಮನೆ ಸಿಂಗಾರ ಮಾಡ್ತಿದೀನಾ?"

ಮೇ 9, ಗುರುವಾರ

ಮುಗಿಯಿತು. ಮೊದಲು ಒಂದು ಬಳಿತ, ಅದರ ಮೇಲೆ ಬಲೆ ಬಟ್ಟೆ, ಮತ್ತೆ ಅಡ್ಡಡ್ಡವಾಗಿ ಇನ್ನೊಂದು ಬಳಿತ. ಒಟ್ಟು ನೂರಾ ಹದಿನಾಲ್ಕು ಬಕೆಟ್ ಕಲೆಸಿದೆ. ಒಂದೂ ಕಲ್ಲಾಗಲಿಲ್ಲ. ತಾರಸಿಯ ಮೇಲೆ ನಿಂತರೆ ಗಿರಿಯ ಕಡೆಯಿಂದ ಗಾಳಿ ಬರುತ್ತದೆ. ನಾಳೆ ಸುತ್ತಲೂ ನೀರು ಕಟ್ಟಿ ಮೂರು ದಿನ ನಿಲ್ಲಿಸುವುದು. ಆಗ ಕೆಳಗೆ ಹನಿ ಬೀಳದಿದ್ದರೆ ಪಾಸು.

ಮೇ 13, ಸೋಮವಾರ

ಪಾಸು!

ಮೂರು ದಿನವೂ ನಾನು ಮತ್ತು ಇಜಾಜ್ ಸರದಿಯಲ್ಲಿ ಹಾಲಿನಲ್ಲಿ ಟಾರ್ಚು ಹಿಡಿದು ಸೀಲಿಂಗ್ ನೋಡಿದೆವು. ಕತ್ತು ನೋವು. ಒಂದು ಕಡೆಯೂ ತೇವವಿಲ್ಲ. ಸುಗ್ರಾ ಬೀ ಜಾಗದಲ್ಲಿ ಎಷ್ಟೋ ಹೊತ್ತು ನಿಂತೆ. ಅಲ್ಲೇ ಎಲ್ಲಕ್ಕಿಂತ ಹೆಚ್ಚು ಸೋರುತ್ತಿದ್ದದ್ದು. ಒಣಗಿದ ಹಪ್ಪಳದ ಹಾಗಿತ್ತು. ಶಶಿಧರ್ ಸರ್ ಎಲ್ಲರಿಗೂ ಮೈಸೂರ್ ಪಾಕ್ ತರಿಸಿದರು. ಗುರುವಾರ ಸಾಮಾನು ತೆಗೆಯುವಾಗ ಕೆಲಸ ಮುಗಿಯಿತೆಂಬ ಕಾಗದಕ್ಕೆ ಸಹಿ ಹಾಕುತ್ತಾರಂತೆ.

ಮನೆಗೆ ಬಂದು ಅಮ್ಮನಿಗೆ ಒಂದು ತುಂಡು ಕೊಟ್ಟು, "ನಿನ್ನ ಹನಿ ನಿಂತುಹೋಯ್ತು ನೋಡು" ಎಂದೆ. ಪುಸ್ತಕದಿಂದ ಕೆಂಪು ದಾರ ತೆಗೆದು ತೋರಿಸಿದೆ. ಅಮ್ಮ ಅದನ್ನು ಬೆಳಕಿಗೆ ಹಿಡಿದಳು.

"ಇದು ನಂದೇ. ಬೇರೆಯವ್ರದು?"

"ಕೆರೆದು ಹಾಕಿದ್ವಿ. ಎಲ್ಲ ಬಿಳಿ ಇತ್ತು."

"ಇರುತ್ತೆ. ಅದು ತಾರಸಿ ನೀರು. ನಂದು ತಾರಸೀದಲ್ಲ ಕಣೇ." ಅಮ್ಮ ಮೈಸೂರ್ ಪಾಕನ್ನು ಬಾಯಿಗಿಡದೆ ಹೇಳಿದಳು. "ಸುಗ್ರಾಂದು ಮಳೆ ಶುರುವಾದ ಸಂಜೇನೇ ಬರೋದು. ನೇರ ಮಳೆ ಎಷ್ಟ್ ಹೊಯ್ದ್ರೂ ನನ್ನ ಡಬ್ಬಿ ಖಾಲಿ. ಆಷಾಢದಲ್ಲಿ ಗಿರಿ ಕಡೆಯಿಂದ ಗಾಳಿಮಳೆ ಹೊಡೀತಲ್ಲ, ಅದಾದ ಮಾರನೇ ದಿನ ಬರೋದು. ಕೆಂಪು ನೀರು."

"ಎಲ್ಲಿಂದ ಬರೋದು?"

"ಅದ್ಯಾರು ಕೇಳಿದ್ರು ನಮ್ಮನ್ನ?"

ಅಂದರೆ ಇನ್ನೂ ಒಂದು ಹನಿ ಇದೆ. ಅದೂ ಮೆಷಿನ್ ಬರುವ ಜಾಗದಲ್ಲೇ.

ಮೇ 14, ಮಂಗಳವಾರ

ಮೇಸ್ತ್ರಿಗೆ ಹೇಳಬೇಕೆಂದು ಬಸ್ಸಿನಲ್ಲಿ ಪೂರ್ತಿ ಬಾಯಿಪಾಠ ಮಾಡಿದೆ. ಅವರು ಖುಷಿಯಲ್ಲಿದ್ದರು. ಊರಿಗೆಲ್ಲ ಫೋನ್ ಮಾಡಿ ಪಾಸಾಯಿತು ಎನ್ನುತ್ತಿದ್ದರು.

ಹೇಳಲಿಲ್ಲ.

ಮೇ 15, ಬುಧವಾರ

ಇವತ್ತೂ ಇಲ್ಲ.

ಆ ದಾರಗಳಿದ್ದಿದ್ದರೆ ಸಾಕಿತ್ತು. ಬಿಳಿಯದರ ಪಕ್ಕ ಕೆಂಪನ್ನು ಹಿಡಿದು ತೋರಿಸಿದ್ದರೆ ಮಾತೇ ಬೇಡವಾಗಿತ್ತು. ನಾನೇ ಬುಟ್ಟಿ ತುಂಬಿ ಬೆಂಕಿಗೆ ಹಾಕಿದೆ.

ಮೇ 16, ಗುರುವಾರ

ಬೆಳಿಗ್ಗೆಯೇ ಪಿಕಪ್ ಬಂತು. ಸಾರ್ವೆಯ ಪೈಪು, ಬಕೆಟ್ಟು, ತಾರಸಿ ತೊಳೆದ ಪಂಪು ಎಲ್ಲ ಹೇರಿದೆವು. ಶಶಿಧರ್ ಸರ್ ಗಾಡಿಯ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಪೆನ್ನಿನ ಮುಚ್ಚಳ ತೆಗೆದರು.

"ಇನ್ನೂ ಒಂದಿದೆ ಸರ್."

ಎಲ್ಲರೂ ತಿರುಗಿದರು. ಹೇಳಿದ್ದು ನಾನು.

"ಏನಿದೆ?"

"ಹನಿ."

ಇಜಾಜ್, "ಮಳೆಗಾಲ ಬಂತು!" ಎಂದ. ಮೇಸ್ತ್ರಿ ಅವನನ್ನು ನೋಡಿದ ನೋಟಕ್ಕೆ ಸುಮ್ಮನಾದ. ನಾನು ದಾರ ತೆಗೆದು ಮೇಸ್ತ್ರಿಯ ಕೈಗೆ ಕೊಟ್ಟೆ. ಅಮ್ಮ ಹೇಳಿದ್ದನ್ನೆಲ್ಲ ಹೇಳಿದೆ, ಹಿಂದುಮುಂದಾಗಿ. ಗಾಳಿಮಳೆ, ಮಾರನೇ ದಿನ, ಕೆಂಪು ನೀರು.

ಶಶಿಧರ್ ಸರ್‌ಗೆ ಸಿಟ್ಟು ಬಂತು. "ಮೂರು ದಿನ ನೀರು ನಿಲ್ಸಿದೀರಿ. ಒಂದು ತೊಟ್ಟೂ ಬಿದ್ದಿಲ್ಲ. ನಿಮ್ಮ ಕೆಲ್ಸಾನ ನೀವೇ ಸರಿಯಿಲ್ಲ ಅಂತೀರಲ್ಲ, ಎಂಥಾ ಜನ ಮಾರಾಯ್ರೆ ನೀವು!"

ಮೇಸ್ತ್ರಿ ದಾರವನ್ನು ಉಗುರಲ್ಲಿ ಕೆರೆದು ನೋಡುತ್ತಿದ್ದರು. "ಇದು ಕಬ್ಬಿಣದ ತುಕ್ಕು ಸರ್. ತಾರಸೀಲಿ ಬಿಳಿ ಬರುತ್ತೆ, ಹಿಂಗೆ ಬರಲ್ಲ. ಸೈನ್ ಈಗ ಬೇಡ. ಎರಡು ದಿನ ಕೊಡಿ." ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಅಮ್ಮನ್ನ ಕರ್ಕೊಂಡ್ ಬರ್ತೀಯೇನಮ್ಮ?" ಎಂದರು.

ಇಜಾಜ್ ಒಂದೊಂದೇ ಪೈಪು ಇಳಿಸುತ್ತಾ ನನ್ನನ್ನು ಬೈದ. ನಲ್ಲಿಗೆ ಹೋಗಿ ಎರಡು ಲೋಟ ನೀರು ಕುಡಿದೆ.

ಸಂಜೆ ಅಮ್ಮನಿಗೆ ಹೇಳಿದೆ. ಒಂದು ಹನಿ ಬಿದ್ದರೂ ಹಾಲ್ ಕೆಡವುತ್ತಾರೆ ಎಂದೂ ಹೇಳಿದೆ.

"ಕರ್ದಿದ್ದು ಯಾರು?"

"ಮೇಸ್ತ್ರಿ."

"ವರ್ಕ್ಸ್‌ನವ್ರು ಕರೀಲಿಲ್ವಾ?"

"ಇಲ್ಲ."

"ಹಾಗಾದ್ರೆ ಬರ್ತೀನಿ" ಎಂದಳು. ಅಟ್ಟದಿಂದ ಒಂದು ಗಂಟು ಇಳಿಸಿದಳು. ವರ್ಕ್ಸಿನಲ್ಲಿ ಕೊಟ್ಟ ಆ ಸೀರೆಯೊಳಗೆ ಸುತ್ತಿಟ್ಟಿದ್ದದ್ದು ಆಗ ಹನಿ ಹಿಡಿಯುತ್ತಿದ್ದ ಅವಳ ಬಿಸ್ಕತ್ ಡಬ್ಬಿ. ಒಳಗೆ ಬಳೆಬಳೆಯಾಗಿ ಕೆಂಪು ಗೆರೆಗಳು, ಒಂದರ ಮೇಲೊಂದು.

ಮೇ 17, ಶುಕ್ರವಾರ

ಅಮ್ಮ ಹಾಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಆಗೆಲ್ಲ ಹಾಗೆಯೇ ಮಾಡುತ್ತಿದ್ದರು, ಬೀಜಕ್ಕೆ ಮಣ್ಣು ತಾಗಬಾರದೆಂದು. ಅದನ್ನು ನೋಡಿ ಮೇಸ್ತ್ರಿಯೂ ಬಿಟ್ಟರು.

ಸೀಲಿಂಗಿನಲ್ಲಿ ಈಗ ಏನೂ ಗುರುತಿಲ್ಲ. ಆದರೂ ಅಮ್ಮ ನಡೆಯುತ್ತಾ ನಿಂತು ನಿಂತು ಹೇಳಿದಳು. ಇಲ್ಲಿ ಸುಗ್ರಾ. ಇಲ್ಲಿ ಗಿರಿಜಾಂಬಾ, ಅವಳದು ಎರಡು ದಾರ. ಇಲ್ಲಿ ಅರುಣಾ, ಮದುವೆಯಾಗಿ ಕಳಸಕ್ಕೆ ಹೋದಳು. ಮೇಸ್ತ್ರಿ ಹಿಂದೆಯೇ ಬಂದು ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿದರು. ಕೊನೆಗೆ ಅಮ್ಮ ಹಳದಿ ಗೆರೆಯೊಳಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತಳು.

"ನನ್ನದು ಇದು ಸಾಬ್ರೇ."

"ಗೋಡೆಯಿಂದ ಇಪ್ಪತ್ತಡಿ ದೂರ ಇದೆ. ಗಾಳಿಮಳೆ ಇಲ್ಲಿಗೆ ಹೆಂಗ್ ಬರುತ್ತೆ ಕಲ್ಲಮ್ಮನವ್ರೇ?"

"ಅದು ನಿಮ್ಮ ಕೆಲ್ಸ. ಬರೋದು ಮಾತ್ರ ನಿಜ."

ಅಮ್ಮ ಪಶ್ಚಿಮದ ಗೋಡೆಯನ್ನೇ ನೋಡುತ್ತಿದ್ದಳು. "ಆ ಮೇಲಿಂದ ಮೂಟೆ ಎಳೀತಿದ್ರು. ನಾನು ಸೇರಿದ ವರ್ಷ ಇತ್ತು. ಹೊರಗಡೆ ಒಂದು ಕಬ್ಬಿಣದ ಗರ್ಡರ್, ಅದಕ್ಕೆ ರಾಟೆ. ಆಮೇಲೆ ಕೊಯ್ದು ಹಾಕಿದ್ರು."

ಮೇಸ್ತ್ರಿ ಓಡಿದರು, ಬರಿಗಾಲಲ್ಲೇ. ಹೊರಗಿನಿಂದ ನೋಡಿದರೆ ಬರೀ ಗಾರೆ, ಅದರ ಮೇಲೆ ಬಣ್ಣ. ಬಡಿದರೆ ಒಂದು ಕಡೆ ಟೊಳ್ಳು ಶಬ್ದ. "ಒಡೆಯೋದು ಆಮೇಲೆ. ಮೊದ್ಲು ಮಳೆ ತರ್ಸೋಣ" ಎಂದರು. ಪಂಪು ಹಚ್ಚಿ, ಮಧ್ಯಾಹ್ನದಿಂದ ಸಂಜೆ ಐದರವರೆಗೆ ಇಜಾಜ್ ಗಿರಿಯ ಗಾಳಿಯ ಹಾಗೆ ಆ ಜಾಗಕ್ಕೆ ಅಡ್ಡಡ್ಡ ನೀರು ಹೊಡೆದ. ಪೂರ್ತಿ ನೆಂದುಹೋಗಿದ್ದ. "ಆಷಾಢ ಆಗಿದೀನಿ ಮಾಮಾ, ಸಾಕಾ?" ಎಂದು ಕೂಗುತ್ತಿದ್ದ.

ಅಮ್ಮ ಡಬ್ಬಿಯನ್ನು ತನ್ನ ಜಾಗದಲ್ಲಿಟ್ಟು ಬಂದಳು.

ಮೇ 18, ಶನಿವಾರ

ಬೆಳಿಗ್ಗೆ ಹೋದಾಗ ಶಶಿಧರ್ ಸರ್ ಆಗಲೇ ಡಬ್ಬಿಯ ಪಕ್ಕ ನಿಂತಿದ್ದರು. ತಳದಲ್ಲಿ ಒಂದು ಬೆರಳಿನಷ್ಟು ಕೆಂಪು ನೀರು. ನಾವು ನೋಡುತ್ತಿದ್ದ ಹಾಗೆಯೇ ಒಂದು ಹನಿ ಬಿತ್ತು. ಟಿಣ್.

ನನಗೆ ಕಣ್ಣು ಮುಚ್ಚಿಹೋಯಿತು. ನಿದ್ದೆ ಬಂದ ಹಾಗೆ.

ಸರ್ ಅಮ್ಮನ ಕಡೆ ತಿರುಗಿ, "ಇಷ್ಟು ವರ್ಷ ಯಾಕಮ್ಮ ಹೇಳಿರಲಿಲ್ಲ?" ಎಂದರು. ಅಮ್ಮ ಡಬ್ಬಿಯನ್ನು ಸ್ವಲ್ಪ ಸರಿಸಿಟ್ಟಳು. ಅವರು ಹೋದ ಮೇಲೆ ನನಗೆ ಮಾತ್ರ ಹೇಳಿದಳು.

"ಮಕ್ಕಳನ್ನ ಒಳಗೆ ಬಿಡ್ತಿರ್ಲಿಲ್ಲ. ನೀನು ಏಳು ತಿಂಗಳ ಕೂಸು. ಈ ಜಾಗದಲ್ಲಿ ಕೆಂಪು ಹನಿ ಬಿದ್ದು ಕಲೆ ಆಗುತ್ತೆ ಅಂತ ಬೀಜ ಸುರೀತಿರ್ಲಿಲ್ಲ, ಯಾರೂ ಕೂರ್ತಿರ್ಲಿಲ್ಲ. ನಾನೇ ಕೇಳಿ ಇಸ್ಕೊಂಡೆ. ಸುತ್ತ ಖಾಲಿ ಇತ್ತಲ್ಲ, ಗೋಣಿ ಹಾಸಿ ನಿನ್ನ ಮಲಗಿಸ್ತಿದ್ದೆ. ಆಗಿನ ವರ್ಕ್ಸ್ ಮೇಸ್ತ್ರಿಗಳು ಕಂಡೂ ಕಾಣದ ಹಾಗೆ ಹೋಗೋರು. ಸರಿ ಮಾಡಿಸಿಬಿಟ್ರೆ ನಿನ್ನನ್ನ ಎಲ್ಲಿಡ್ಲಿ? ಡಬ್ಬಿ ಶಬ್ದ ನಿಂತ್ರೆ ಸಾಕು, ನೀನು ಎದ್ದು ಅಳೋದು."

ಮೇ 24, ಶುಕ್ರವಾರ

ಗೋಡೆ ಒಡೆದಾಗ ಗರ್ಡರಿನ ಮೋಟು ಸಿಕ್ಕಿತು. ಕೊಯ್ದವರು ಮೇಲಷ್ಟೇ ಗಾರೆ ಮುಚ್ಚಿದ್ದರು. ತುಕ್ಕು ಹಿಡಿದು ಉಬ್ಬಿ ಸುತ್ತಲ ಕಾಂಕ್ರೀಟನ್ನು ಸೀಳಿದೆ. ಆ ಸೀಳಿನಲ್ಲಿ ಸೇರಿದ ನೀರು ಒಳಗಿನ ಕಬ್ಬಿಣ ಹಿಡಿದುಕೊಂಡು ಅಮ್ಮನ ತಲೆಯ ತನಕ ಹೋಗುತ್ತಿತ್ತು. ಮೋಟನ್ನು ಇನ್ನೂ ಒಳಕ್ಕೆ ಕೊಯ್ದು, ತುಕ್ಕು ಉಜ್ಜಿ, ಕಬ್ಬಿಣಕ್ಕೆ ಬಣ್ಣ ಬಳಿದು, ಕುಗ್ಗದ ಗಾರೆ ತುಂಬಿದೆವು. ಸೀಳಿನೊಳಕ್ಕೆ ಸಣ್ಣ ಕೊಳವೆಗಳಿಂದ ಕೆಮಿಕಲ್ ಒತ್ತಿದೆವು. ಎಲ್ಲವನ್ನೂ ನಾನೇ ಕಲೆಸಿದೆ. ಕೊನೆಯ ಬಕೆಟ್ ಕಲೆಸುವಾಗ ಕೈ ನಿಧಾನವಾಯಿತು. ಮೇಸ್ತ್ರಿ, "ಹೊತ್ತು ನೋಡಮ್ಮ, ಮೂವತ್ತು ನಿಮಿಷ ಆಯ್ತು" ಎಂದರು. ಕೊಟ್ಟೆ.

ಮತ್ತೆ ಎರಡು ದಿನ ನೀರು ಹೊಡೆದರು. ಡಬ್ಬಿ ಒಣಗಿತ್ತು. ಸರ್ ಸಹಿ ಹಾಕಲು ಬಂದರೆ ಮೇಸ್ತ್ರಿ, "ಆಷಾಢ ಕಳೀಲಿ ಸರ್" ಎಂದರು.

ಜುಲೈ 19, ಶುಕ್ರವಾರ

ಅತ್ತಿಗುಂಡಿಯ ಹತ್ತಿರ ಒಂದು ದೊಡ್ಡ ನೀರಿನ ಟ್ಯಾಂಕಿನ ಕೆಲಸ ಹಿಡಿದಿದ್ದೆವು. ಮಳೆಗೆ ನಿಂತಿದೆ. ಮೊನ್ನೆಯಿಂದ ಗಾಳಿಮಳೆ. ಮರಗಳು ಬಿದ್ದು ಎರಡು ದಿನ ಬಸ್ಸಿರಲಿಲ್ಲ. ಇವತ್ತು ಬಸ್ಸು ಬಿಟ್ಟ ಕೂಡಲೇ ಅಮ್ಮ ಡಬ್ಬಿ ಹಿಡಿದು ಹೊರಟಳು. ನಾನೂ ಹೋದೆ.

ಗೇಟಿನಲ್ಲಿ ಹೊಸ ವಾಚ್‌ಮನ್. "ಯಾರಮ್ಮ, ಎಲ್ಲಿಗೆ?" ಎಂದು ತಡೆದ. "ಇವ್ರು ಕಲ್ಲಮ್ಮ. ಇಪ್ಪತ್ತೆರಡು ವರ್ಷ ಇಲ್ಲಿ ಕೆಲ್ಸ ಮಾಡಿದಾರೆ. ನಾನು ರಜನಿ. ಈ ತಾರಸಿ ನಾವೇ ಮಾಡಿದ್ದು. ನೀವು ಬಾಗ್ಲು ತೆಗೀರಿ, ನೆನೀತಿದಾರೆ" ಎಂದೆ. ತೆಗೆದ. ಮಳೆ ಅಷ್ಟು ಜೋರಿತ್ತು.

ಹಾಲಿನಲ್ಲಿ ಮೆಷಿನ್ ಓಡುತ್ತಿತ್ತು. ಮಾತು ಕೇಳುವುದಿಲ್ಲ. ಮೂರನೇ ಕಿಟಕಿಗೆ ಗಾಜು ಹಾಕಿಸಿದ್ದಾರೆ. ಅಮ್ಮ ಮೆಷಿನ್ನಿನ ಪಕ್ಕ ನಿಂತು ಅಂಗೈ ಚಾಚಿದಳು. ಗಾಳಿ ಗೋಡೆಗೆ ಬಡಿಯುತ್ತಲೇ ಇತ್ತು. ಅರ್ಧ ಗಂಟೆಯಾದರೂ ನಿಂತಿದ್ದಳು. ಅಂಗೈ ಒಣಗಿಯೇ ಇತ್ತು. ಶಶಿಧರ್ ಸರ್ ದೂರದಿಂದ ನೋಡಿ ತಲೆ ಬಾಗಿಸಿದರು. ಹೊರಗೆ ಬಂದು ಮೇಸ್ತ್ರಿಗೆ ಫೋನ್ ಮಾಡಿ, "ಹಾಲ್ ಉಳೀತು. ಸೈನ್ ಹಾಕಿಸ್ಕೊಳಿ" ಎಂದೆ.

ಮನೆಗೆ ಬಂದ ಮೇಲೆ ಅಮ್ಮ ಡಬ್ಬಿಯನ್ನು ಬೂದಿ ಹಾಕಿ ಉಜ್ಜಿ ತೊಳೆದಳು. ಕೆಂಪು ಗೆರೆಗಳು ಹೋಗಲಿಲ್ಲ. "ಇರ್ಲಿ ಬಿಡು, ಇದ್ರಲ್ಲಿನ್ನು ಹುರುಳಿ ಹಾಕೋಣ" ಎಂದು ಒಲೆಯ ಪಕ್ಕ ಒಣಗಿಸಿ, ಮೊರದಿಂದ ಸುರಿಯತೊಡಗಿದಳು.

ಮೊದಲ ಕಾಳು ತಳಕ್ಕೆ ಬಿದ್ದು ಟಿಣ್ ಎಂದಿತು. ಇಬ್ಬರೂ ತಲೆಯೆತ್ತಿ ಮನೆಯ ಮಾಡು ನೋಡಿದೆವು.